ದಿನಗೂಲಿಯೋ, ಗುತ್ತಿಗೆಯೋ, ವರ್ಷದ ಸಂಬಳವೋ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಹೊಲದ ಕೆಲಸವೇ ಸಿಗುವುದಿಲ್ಲ ಎನ್ನುವವರನ್ನು ನಾನು ಕಂಡದ್ದು ಕಡಿಮೆ. ಆಳು ಸಿಗುವುದಿಲ್ಲ ಎಂದು ಗೊಣಗುವ ರೈತರೇ ಹೆಚ್ಚು. ಹೀಗಿದ್ದರೂ ಹೊಸದಾಗಿ ಹೊಲಕ್ಕಿಳಿದ ಯುವಕರಲ್ಲಿ ಅನೇಕರು ಒಂದೆರಡು ತಿಂಗಳಲ್ಲೇ ಬೇಸತ್ತು ಗೋವಾಕ್ಕೋ ಮಂಗಳೂರಿಗೋ ಬಸ್ ಹತ್ತುತ್ತಾರೆ. ಬೀಜೋತ್ಪಾದನೆಯ ತಾಕುಗಳ ಉಸ್ತುವಾರಿ ನೋಡಿಕೊಳ್ಳುತ್ತ, ರೈತರಿಗೆ ಆಳುಗಳನ್ನೂ ಆಳುಗಳಿಗೆ ಕೆಲಸವನ್ನೂ ಗೊತ್ತುಮಾಡಿಕೊಡುವ ನನಗೆ ಇದಕ್ಕೆ ಮೈಗಳ್ಳತನ ಕಾರಣವೆಂದು ಎಂದೂ ಅನಿಸಿಲ್ಲ. ಯಾವ ಕರಾರಿನ ಮೇಲೆ ಕೆಲಸಕ್ಕೆ ನಿಂತೆವು ಎಂಬುದನ್ನು ಇಬ್ಬರೂ ಮೊದಲ ದಿನ ಬಾಯಿಬಿಟ್ಟು ಮಾತನಾಡುವುದಿಲ್ಲ. ಬಹುತೇಕ ಜಗಳಗಳು ಅಲ್ಲಿಂದಲೇ ಹುಟ್ಟುತ್ತವೆ.

ನಮ್ಮ ಭಾಗದಲ್ಲಿ ಈ ಕರಾರು ಮೂರು ಬಗೆಯದು. ದಿನದ ಲೆಕ್ಕದ ಕೂಲಿ ಒಂದು, ಎಕರೆಗೆ ಇಷ್ಟು ಅಥವಾ ಕಿಲೋಗೆ ಇಷ್ಟು ಎಂದು ಒಪ್ಪಿಕೊಳ್ಳುವ ಗುತ್ತಿಗೆ ಇನ್ನೊಂದು, ಯುಗಾದಿಯಿಂದ ಯುಗಾದಿಗೆ ಒಬ್ಬನೇ ರೈತನ ಬಳಿ ನಿಲ್ಲುವ ವರ್ಷದ ಸಂಬಳ ಮತ್ತೊಂದು. ಕೆಲಸ ಮೂರರಲ್ಲೂ ಹೊಲದ್ದೇ ಆದರೂ ದುಡಿಮೆಯ ಹೊತ್ತು, ಹೊಣೆ, ಕೈಗೆ ಬರುವ ಹಣ ಎಲ್ಲವೂ ಬೇರೆಬೇರೆ. ಪೂರ್ತಿ ಹೊಸಬರಾದವರು ಒಂದು ಮುಂಗಾರು ಮತ್ತು ಒಂದು ಹಿಂಗಾರು ದಿನಗೂಲಿಯಲ್ಲೇ ಕಳೆದು, ಆಮೇಲೆ ಉಳಿದೆರಡರ ಮಾತೆತ್ತುವುದು ಒಳ್ಳೆಯದು.

ದಿನಗೂಲಿಗೆ ಅರ್ಜಿಯೂ ಇಲ್ಲ, ಕಚೇರಿಯೂ ಇಲ್ಲ. ಮರುದಿನದ ಕೆಲಸ ಹಿಂದಿನ ಸಂಜೆ ಗೊತ್ತಾಗುತ್ತದೆ. ಊರ ಅಗಸಿಯ ಕಟ್ಟೆ, ಚಹಾದ ಅಂಗಡಿ, ಗೊಬ್ಬರದ ಅಂಗಡಿಯ ಮುಂಗಟ್ಟು ಇವೇ ವಿಚಾರಣೆಯ ಜಾಗಗಳು. ಹೆಣ್ಣಾಳುಗಳಲ್ಲಿ ಪ್ರತಿ ಓಣಿಗೂ ಒಂದು ತಂಡವಿರುತ್ತದೆ, ಅದಕ್ಕೊಬ್ಬ ಹಿರಿಯಳಿರುತ್ತಾಳೆ. “ಯಕ್ಕಾ, ನಾಳಿಗೆ ಎಂಟು ಆಳು ಬೇಕು, ಹೆಸರಬುಡ್ಡಿ ಬಿಡಸಾಕ” ಎಂದು ಹೆಸರುಕಾಳಿನ ಕಾಯಿ ಬಿಡಿಸಲು ರೈತ ಫೋನ್ ಮಾಡಿದರೆ, “ಗಾಡಿ ಕಳಸ್ತೀರೇನ್ರಿ, ನಡಕೊಂಡ್ ಬರಬೇಕೇನ್ರಿ?” ಎಂಬುದೇ ಆಕೆಯ ಮೊದಲ ಪ್ರಶ್ನೆ. ಆ ಪ್ರಶ್ನೆಯಲ್ಲಿ ಅನುಭವವಿದೆ: ಹೋಗಿಬರುವ ಹೊತ್ತನ್ನು ಕೂಲಿಯ ಹೊತ್ತಿನಲ್ಲಿ ಯಾರೂ ಹಿಡಿಯುವುದಿಲ್ಲ, ವಾಹನದ ಬಾಡಿಗೆ ಯಾರ ತಲೆಯ ಮೇಲೆ ಎಂದು ಮೊದಲೇ ತೀರ್ಮಾನವಾಗದಿದ್ದರೆ ಅದು ಸಂಜೆ ಕೂಲಿಯಲ್ಲೇ ಕಡಿತವಾಗುತ್ತದೆ. ಹೊಸಬರು ನೇರವಾಗಿ ರೈತರ ಮನೆ ಬಾಗಿಲಿಗೆ ಹೋಗುವುದಕ್ಕಿಂತ ಇಂಥ ತಂಡವೊಂದರ ಹಿರಿಯರ ವಿಶ್ವಾಸ ಗಳಿಸುವುದು ಲೇಸು. ಆಗ ಕೆಲಸವೇ ಹುಡುಕಿಕೊಂಡು ಬರುತ್ತದೆ. ಹೊತ್ತು, ನಡುವಿನ ಊಟದ ಬಿಡುವು ಊರಿಂದೂರಿಗೆ ಬದಲಾಗುತ್ತವೆ. ಕೂಲಿಯನ್ನು ಅಂದಂದೇ ಕೊಡುವ ಊರುಗಳಿವೆ, ಸಂತೆಯ ದಿನ ವಾರದ್ದನ್ನೆಲ್ಲ ಕೂಡಿಸಿ ಕೊಡುವ ಊರುಗಳೂ ಇವೆ.

ಕೂಲಿ ಎಷ್ಟು ಕೇಳಬೇಕೆಂಬುದಕ್ಕೆ ಒಂದು ಅಳತೆಗೋಲು ಇರಲಿ: ಉದ್ಯೋಗ ಖಾತರಿ ಯೋಜನೆಯಡಿ 2025-26ನೇ ಸಾಲಿಗೆ ಕರ್ನಾಟಕಕ್ಕೆ ನಿಗದಿಯಾದ ದಿನದ ದರ 370 ರೂಪಾಯಿ, ಅದೂ ಹೆಣ್ಣು ಗಂಡೆಂಬ ಭೇದವಿಲ್ಲದೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದು 1976ರಿಂದ ದೇಶದ ಕಾನೂನೇ ಆಗಿದ್ದರೂ, ಕಸ (ಕಳೆ) ತೆಗೆಯುವ ಸಾಲಿನಲ್ಲಿ ಗಂಡಸರಿಗಿಂತ ಮುಂದಿರುವ ಹೆಂಗಸರಿಗೆ ಕಡಿಮೆ ಕೊಡುವ ರೂಢಿಯನ್ನು ನಮ್ಮ ಊರುಗಳು ಇನ್ನೂ ಬಿಟ್ಟಿಲ್ಲ. ಅದನ್ನು ರೂಢಿಯೆಂದು ಕರೆಯಲು ನನಗೆ ನಾಚಿಕೆಯಾಗುತ್ತದೆ.

ಕೆಲಸದ ಸ್ವರೂಪ ಅರಿಯಬೇಕಾದರೆ ಮಳೆ ನಕ್ಷತ್ರಗಳ ಜೊತೆಗೇ ಹೊರಡಬೇಕು. ರೋಹಿಣಿ, ಮೃಗಶಿರ ಮಳೆಗೆ ಕಪ್ಪು ಮಣ್ಣಿನ ಎರೆಹೊಲದಲ್ಲಿ ಹೆಸರು, ಕೆಂಪು ಮಣ್ಣಿನ ಮಸಾರಿಯಲ್ಲಿ ಶೇಂಗಾ, ಹಾವೇರಿಯ ಕಡೆ ಗೋವಿನಜೋಳ ಬಿತ್ತುತ್ತಾರೆ. ಮುಂದಿನ ಎರಡು ತಿಂಗಳು ಕುರ್ಚಿಗಿ ಎಂಬ ಕೈ ಸಲಕರಣೆ ಹಿಡಿದು ಕಸ ತೆಗೆಯುವುದೇ ಹೆಚ್ಚು. ಹೆಸರು 65ರಿಂದ 70 ದಿನಗಳ ಬೆಳೆಯಾದ್ದರಿಂದ ಆಗಸ್ಟ್‌ನಲ್ಲಿ ನರಗುಂದ, ರೋಣ, ನವಲಗುಂದ ಭಾಗದಲ್ಲಿ ಒಮ್ಮೆಲೇ ಬುಡ್ಡಿ ಒಣಗುತ್ತವೆ. ಆ ವಾರ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಹಾಗಾಗಿ ವರ್ಷದಲ್ಲಿ ಆಳಿನ ಮಾತು ನಡೆಯುವ ದಿನಗಳೆಂದರೆ ಅವೇ, ಕೂಲಿ ಏರುವುದೂ ಆಗಲೇ. ಬಳಿಕ ಉಳ್ಳಾಗಡ್ಡಿ ಕಿತ್ತು, ಸೊಪ್ಪು ಕೊಯ್ದು ಚೀಲ ತುಂಬುವ ಕೆಲಸ, ಅದರ ಬೆನ್ನಿಗೇ ಗೋವಿನಜೋಳದ ತೆನೆ ಮುರಿಯುವುದು ಮತ್ತು ಹತ್ತಿ ಬಿಡಿಸುವುದು. ಹಸ್ತ, ಚಿತ್ತಾ ಮಳೆಯ ಹಸಿಯಲ್ಲಿ ಕಡಲೆ, ಬಿಳಿಜೋಳ, ಕುಸುಬಿ ಬಿತ್ತನೆ. ಡಿಸೆಂಬರ್‌ನಿಂದ ಬ್ಯಾಡಗಿ ಮೆಣಸಿನಕಾಯಿಯ ಕೊಯ್ಲು. ಹೊಲದಲ್ಲಿ ಹಣ್ಣು ಬಿಡಿಸುವುದರ ಜೊತೆಗೆ ಬ್ಯಾಡಗಿ ಪೇಟೆಯಲ್ಲಿ ತುಂಬು (ಕಾಯಿಯ ತೊಟ್ಟು) ತೆಗೆಯುವ ಕೆಲಸವೂ ಸಾವಿರಾರು ಹೆಂಗಸರಿಗೆ ಸಿಗುತ್ತದೆ. ಮಾವಿನ ತೋಟಗಳಿರುವ ಧಾರವಾಡದ ಸುತ್ತ ಏಪ್ರಿಲ್, ಮೇ ತಿಂಗಳುಗಳಲ್ಲಿ ಆಪೂಸ್ ಇಳಿಸುವವರು ಬೇಕಾಗುತ್ತಾರೆ. ಬಯಲುಸೀಮೆಯಲ್ಲಿ ಆ ಎರಡು ತಿಂಗಳು ಹೊಲದಲ್ಲಿ ಕೆಲಸವಿಲ್ಲ. ಕೆರೆ ಹೂಳು, ಬದುವಿನ ಕೆಲಸಗಳನ್ನೇ ನಂಬಬೇಕು.

ಪ್ರತಿ ಬೆಳೆಯ ಕೆಲಸಕ್ಕೂ ಅದರದೇ ಕಷ್ಟವಿದೆ ಎಂಬುದಕ್ಕೆ ಕಡಲೆ ಕೀಳುವುದನ್ನು ನೋಡಬೇಕು. ಕಡಲೆ ಗಿಡದ ಎಲೆ, ಕಾಯಿಗಳ ಮೇಲೆಲ್ಲ ಹುಳಿ ಒಸರುತ್ತದೆ. ನಮ್ಮ ಹಿರಿಯರು ನಸುಕಿನಲ್ಲಿ ಅರಿವೆ ಹಾಸಿ ಆ ಹುಳಿಯನ್ನು ಇಳಿಸಿಕೊಂಡು ಹೊಟ್ಟೆನೋವಿನ ಔಷಧಕ್ಕೆ ಇಟ್ಟುಕೊಳ್ಳುತ್ತಿದ್ದರು. ಅದೇ ಹುಳಿ ದಿನವಿಡೀ ಕೀಳುವವರ ಬೆರಳ ಸಂದಿಗಳನ್ನು ಸುಡುತ್ತದೆ. ಬಿಸಿಲೇರಿದ ಮೇಲೆ ಗಿಡ ಗರಿಗರಿಯಾಗಿ ಚುಚ್ಚುವುದಲ್ಲದೆ ಕಾಯಿಯೂ ಸಿಡಿದು ಕಾಳು ನೆಲದ ಪಾಲಾಗುತ್ತದೆ. ಆದ್ದರಿಂದ ಬಲ್ಲ ತಂಡಗಳು ಮಂಜು ಆರುವ ಮೊದಲೇ ಹೊಲಕ್ಕಿಳಿದು, ಹಳೆಯ ಕಾಲುಚೀಲದ ಬೆರಳ ಭಾಗ ಕತ್ತರಿಸಿ ಕೈಗೆ ಹಾಕಿಕೊಂಡು, ಗಿಡವನ್ನು ಬುಡದಲ್ಲೇ ಹಿಡಿದು ಓರೆಯಾಗಿ ಎಳೆಯುತ್ತವೆ. ನೇರ ಮೇಲಕ್ಕೆ ಎಳೆದವರ ಸೊಂಟ ಮಧ್ಯಾಹ್ನಕ್ಕೇ ಹಿಡಿದುಕೊಳ್ಳುತ್ತದೆ. ಇವನ್ನೆಲ್ಲ ಯಾರೂ ಹೇಳಿಕೊಡುವುದಿಲ್ಲ, ಪಕ್ಕದ ಸಾಲಿನವರ ಕೈ ನೋಡಿಯೇ ಕಲಿಯಬೇಕು.

ಗುತ್ತಿಗೆಯ ಲೆಕ್ಕ ಮೇಲುನೋಟಕ್ಕೆ ಆಸೆ ಹುಟ್ಟಿಸುತ್ತದೆ. ಹತ್ತಿ ಬಿಡಿಸಲು ಕಿಲೋಗೆ 10 ರೂಪಾಯಿ ಎಂದು ಮಾತಾಯಿತೆಂದು ಇಟ್ಟುಕೊಳ್ಳೋಣ. ಮೊದಲೆರಡು ಬಿಡತಿಯಲ್ಲಿ, ಅಂದರೆ ಬಿಡಿಸುವ ಸುತ್ತಿನಲ್ಲಿ, ಗಿಡದ ತುಂಬ ಅರಳಿರುವಾಗ ಚುರುಕಾದ ಕೈ 40 ಕಿಲೋ ಬಿಡಿಸಿ 400 ರೂಪಾಯಿ ಗಳಿಸಬಹುದು; ಕೊನೆಯ ಬಿಡತಿಯಲ್ಲಿ ಅಷ್ಟೇ ಹೊತ್ತು ಅಲೆದರೂ 15 ಕಿಲೋ ದಾಟುವುದಿಲ್ಲ, 150 ರೂಪಾಯಿಗೆ ದಿನ ಮುಗಿಯುತ್ತದೆ. ರೈತರು ಇಡೀ ಹಂಗಾಮಿಗೆ ಒಂದೇ ದರ ಹೇಳುವುದು ಈ ಕಾರಣಕ್ಕೇ. ಮೊದಲ ಬಿಡತಿಗಳಿಗೆ ತೂಕದ ಲೆಕ್ಕ, ಕೊನೆಯದಕ್ಕೆ ದಿನಗೂಲಿ ಎಂದು ಆರಂಭದಲ್ಲೇ ಒಪ್ಪಿಸಿಕೊಳ್ಳುವ ತಂಡಗಳು ಜಾಣ ತಂಡಗಳು. ತೂಕ ಹೊಲದಲ್ಲೇ, ಎಲ್ಲರ ಕಣ್ಣೆದುರಿಗೇ ಆಗಬೇಕು; ಮನೆಗೆ ಒಯ್ದು ತೂಗಿದ ತೂಕ ಯಾವಾಗಲೂ ಕಡಿಮೆಯೇ ಬರುತ್ತದೆ.

ಇನ್ನು ವರ್ಷದ ಸಂಬಳದಾಳಿನ ವಿಷಯ. ಇದರಲ್ಲಿ ದಿನದ ಕೆಲಸಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ನಸುಕಿನಲ್ಲೆದ್ದು ಸೆಗಣಿ ಬಳಿದು ತಿಪ್ಪೆಗೆ ಹಾಕಿ, ಕಣಕಿ ಕತ್ತರಿಸಿ ದನಗಳ ಮುಂದಿಟ್ಟು, ನೀರು ಕುಡಿಸಿ, ಎತ್ತುಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋದರೆ, ಸಂಜೆ ಮರಳಿದ ಮೇಲೆ ಮತ್ತೆ ಮೇವು, ಮತ್ತೆ ನೀರು. ಕಾಲುವೆಯ ಸರದಿ ಅಥವಾ ಕರೆಂಟು ರಾತ್ರಿ ಬಂದರೆ ನೀರು ಹಾಯಿಸುವುದೂ ಅವನದೇ ಪಾಲು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿಯಿಂದ ಎತ್ತಿಗೆ ವಾರಕ್ಕೊಂದು ರಜೆ ಖಚಿತ. ಆಳಿಗೆ ಮಾತ್ರ ಆ ದಿನ ಬಣವೆ, ಬದು, ಕೊಟ್ಟಿಗೆಯ ಕೆಲಸ ಕಾದಿರುತ್ತದೆ.

ಈ ಕೆಲಸದಲ್ಲಿ ಬೆಲೆಯಿರುವುದು ಎತ್ತಿನ ಕುಂಟೆಯಿಂದ ಬೆಳೆಸಾಲುಗಳ ನಡುವಿನ ಕಳೆ ತೆಗೆಯುವ, ಅಂದರೆ ಎಡೆ ಹೊಡೆಯುವ, ಬಿತ್ತನೆಯ ಕೂರಿಗೆ ಹಿಡಿಯುವ ಕೈಗೆ. ಎರೆಹೊಲದಲ್ಲಿ ಮಳೆ ನಿಂತ ಮೇಲೆ ಒಂದು ದಿನ ಮೊದಲು ಹೊಕ್ಕರೆ ಮಣ್ಣು ಕಲಸಿದ ಹಿಟ್ಟಿನಂತೆ ಕುಂಟೆಗೆ ಮೆತ್ತಿಕೊಳ್ಳುತ್ತದೆ, ಎರಡು ದಿನ ತಡವಾದರೆ ಹೆಂಟೆ ಕಟ್ಟುತ್ತದೆ. ನಡುವಿನ ಆ ಹದವನ್ನು ಕಾಲಡಿಯ ಮಣ್ಣಿನಿಂದಲೇ ತಿಳಿದು, ಬೆಳೆಯ ಸಾಲಿಗೆ ಕುಂಟೆಯ ಕುಡ ತಾಗದಂತೆ ಎತ್ತು ನಡೆಸಬಲ್ಲವನು ಸಂಬಳವನ್ನು ತಾನೇ ಹೇಳಬಹುದು. ಟ್ರ್ಯಾಕ್ಟರ್ ಹೆಚ್ಚಿದ ಮೇಲೆ ಇಂಥವರು ವಿರಳವಾಗಿದ್ದಾರೆ, ಬೇಡಿಕೆ ಮಾತ್ರ ಕುಗ್ಗಿಲ್ಲ. ಟ್ರ್ಯಾಕ್ಟರ್ ನಡೆಸುವವರಿಗೂ ಅಷ್ಟೇ ಬೇಡಿಕೆಯಿದೆ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳಲ್ಲಿಯೂ ಚಾಲಕರಿಗೆ ಕೆಲಸವಿರುತ್ತದೆ, ಲೈಸೆನ್ಸ್ ಮಾತ್ರ ಬೇಕು.

ವರ್ಷದ ಸಂಬಳ ಮಾತಾಡುವಾಗ ಮೊತ್ತಕ್ಕಿಂತ ಅದರ ಸುತ್ತಲಿನ ಮಾತುಗಳಿಗೆ ಹೆಚ್ಚು ಗಮನ ಕೊಡಬೇಕು: ಊಟ ಎರಡು ಹೊತ್ತೋ ಮೂರು ಹೊತ್ತೋ, ಬಟ್ಟೆ, ಚಪ್ಪಲಿ, ಕಂಬಳಿ, ಜೋಳ ಸಂಬಳದ ಒಳಗೋ ಹೊರಗೋ, ಹಬ್ಬ ಜಾತ್ರೆಗಳಿಗೆ ಎಷ್ಟು ದಿನ ಬಿಡುವು, ಜ್ವರ ಬಂದು ಮಲಗಿದ ದಿನ ನಾಗಾ (ಗೈರುಹಾಜರಿಯ ಕಡಿತ) ಹಾಕುತ್ತಾರೋ ಇಲ್ಲವೋ. ನಾಗಾದ ಲೆಕ್ಕದಲ್ಲಿ ವರ್ಷದ ಕೊನೆಗೆ ಆಳೇ ಸಾಲಗಾರನಾಗಿ ನಿಂತ ಪ್ರಸಂಗಗಳನ್ನು ನಾನು ಬಿಡಿಸಿಕೊಟ್ಟಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಮುಂಗಡ, ಆಮೇಲೆ ತೆಗೆದುಕೊಂಡ ಹಣ, ನಾಗಾ ಮೂರನ್ನೂ ತಾರೀಖಿನೊಂದಿಗೆ ಬರೆದು, ತಿಂಗಳಿಗೊಮ್ಮೆ ಇಬ್ಬರೂ ಸಹಿ ಮಾಡಿ, ಆ ಪುಟದ ಫೋಟೋವನ್ನು ಮೊಬೈಲಿನಲ್ಲಿ ಇಟ್ಟುಕೊಂಡರೆ ಮುಕ್ಕಾಲುಪಾಲು ತಕರಾರು ಹುಟ್ಟುವುದೇ ಇಲ್ಲ.

ಮುಂಗಡ ತೆಗೆದುಕೊಳ್ಳುವುದು ತಪ್ಪಲ್ಲ. ಅದು ತೀರುವ ತನಕ ಬೇರೆ ಕಡೆ ದುಡಿಯಕೂಡದು, ಊರು ಬಿಡಕೂಡದು, ಅಪ್ಪನ ಸಾಲಕ್ಕೆ ಮಗ ನಿಲ್ಲಬೇಕು ಎಂದು ಕಟ್ಟಿಹಾಕುವುದು ಜೀತ. 1976ರ ಜೀತ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಂಥ ಕರಾರಿಗೆ ಬೆಲೆಯೇ ಇಲ್ಲ, ಆ ಸಾಲವೂ ರದ್ದು. ಜೀತಕ್ಕಿಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಸೆರೆವಾಸವಿದೆ. ದೂರನ್ನು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಕಚೇರಿಗೆ ಕೊಡಬೇಕು. ಬಿಡುಗಡೆ ಪತ್ರ ಕೈಗೆ ಬಂದರೆ ಪುನರ್ವಸತಿಯ ನೆರವಿಗೂ ಅದೇ ಆಧಾರ.

ಕೈಚಳಕವಿದ್ದವರಿಗೆ ರಾಣೆಬೆನ್ನೂರು ಸುತ್ತಿನ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಬೇರೆಯೇ ದಾರಿಯಿದೆ. ಅದನ್ನು ಇಲ್ಲಿ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ಟೊಮೆಟೊದಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಆರಿಸಿ, ಚಿಮಟದಿಂದ ಅದರ ಗಂಡು ಭಾಗವನ್ನು ಅಂಡಾಶಯಕ್ಕೆ ಗಾಯವಾಗದಂತೆ ತೆಗೆದು, ಆ ಮೇಲೆ ಗಂಡು ತಳಿಯ ಪರಾಗವನ್ನು ಮುಟ್ಟಿಸಿ, ಗುರುತಿಗೆ ಎರಡು ಪುಷ್ಪಪತ್ರ ಕತ್ತರಿಸಬೇಕು. ಗುರುತಿಲ್ಲದ ಕಾಯಿ ಕೊಯ್ಲಿನಲ್ಲಿ ಸೇರಿಹೋದರೆ ತಳಿ ಶುದ್ಧತೆಯ ಪರೀಕ್ಷೆಯಲ್ಲಿ ಇಡೀ ಲಾಟು ಬಿದ್ದುಹೋಗಬಹುದು. ಆದ್ದರಿಂದ ರೈತರು ನುರಿತವರನ್ನು ಹಂಗಾಮು ಮುಗಿಯುವ ತನಕ ಬಿಟ್ಟುಕೊಡುವುದಿಲ್ಲ, ಒಳ್ಳೆಯ ಕೂಲಿಯನ್ನೂ ಕೊಡುತ್ತಾರೆ. ಎಳೆ ಬೆರಳು ಚುರುಕೆಂಬ ನೆವದಲ್ಲಿ ಶಾಲೆಯ ಮಕ್ಕಳನ್ನು ಕರೆತರುವವರು ಇನ್ನೂ ಇದ್ದಾರೆ. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದು ಅಪರಾಧ. ಅಂಥ ತಾಕಿಗೆ ನಾನು ಆಳು ಕಳುಹಿಸುವುದಿಲ್ಲ.

ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಕೆಲಸಕ್ಕೆ ಕೂಲಿ ಹೆಚ್ಚೆಂದು ಹೊಸಬರು ಮೊದಲು ಅದಕ್ಕೇ ಮುಂದಾಗುತ್ತಾರೆ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡದೆ ಪಂಪು ಹೆಗಲಿಗೇರಿಸಬಾರದು: ಕೆಂಪು ಅತಿ ವಿಷ, ಅದಕ್ಕಿಂತ ಕಡಿಮೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಗಾಳಿಗೆ ಬೆನ್ನು ಕೊಟ್ಟು ಹೊಡೆಯಬೇಕು, ತುಂಬು ತೋಳಿನ ಅಂಗಿ ಇರಬೇಕು, ಕೈ ತೊಳೆಯದೆ ತಂಬಾಕು ತಿಕ್ಕಬಾರದು. ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ಕಾಣಿಸಿದರೆ ಮಜ್ಜಿಗೆ ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಿ, ಆ ಡಬ್ಬಿಯನ್ನೂ ಜೊತೆಗೇ ಆಸ್ಪತ್ರೆಗೆ ಒಯ್ಯಬೇಕು; ಯಾವ ವಿಷವೆಂದು ತಿಳಿದರೆ ವೈದ್ಯರು ಹೊತ್ತು ಕಳೆಯದೆ ಚಿಕಿತ್ಸೆ ಆರಂಭಿಸುತ್ತಾರೆ.

ವಿಮೆಯ ಮಾತು ಚಿಕ್ಕದು. 16ರಿಂದ 59 ವಯಸ್ಸಿನವರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ ಮಾಡಿಸಬಹುದು. ಬ್ಯಾಂಕ್ ಖಾತೆಯಿದ್ದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಸಿಗುತ್ತದೆ. ಇದಕ್ಕಿಂತ ಹೆಚ್ಚಾಗಿ ತಿಳಿದಿರಬೇಕಾದದ್ದು ತೆನೆಯಿಂದ ಕಾಳು ಬೇರ್ಪಡಿಸುವ ರಾಶಿ ಯಂತ್ರದ ಸಂಗತಿ. ಸೆರಗು, ಸಡಿಲ ತೋಳು, ಕೈಯಿಂದ ತೆನೆ ಒತ್ತುವ ಅವಸರ, ಇವೇ ಅಲ್ಲಿನ ಅಪಘಾತಗಳ ಕಾರಣ. ಟ್ರ್ಯಾಕ್ಟರ್ ಅಥವಾ ಯಂತ್ರದಿಂದ ನಡೆಯುವ ಬೇಸಾಯದಲ್ಲಿ ಗಾಯಗೊಂಡ ಕೂಲಿಕಾರರನ್ನು 1923ರ ಪರಿಹಾರ ಕಾಯ್ದೆಯೇ ತನ್ನ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ರೈತನಿಗೆ ತೊಂದರೆಯಾಗದಿರಲಿ ಎಂಬ ದಾಕ್ಷಿಣ್ಯಕ್ಕೆ ಆಸ್ಪತ್ರೆಯಲ್ಲಿ “ಜಾರಿ ಬಿದ್ದು ಗಾಯ” ಎಂದು ಬರೆಸುವವರೇ ಹೆಚ್ಚು. ರಾಶಿ ಯಂತ್ರಕ್ಕೆ ಕೈ ಸಿಕ್ಕಿತೆಂದೇ, ಯಾರ ಹೊಲದಲ್ಲಿ ಎಷ್ಟು ಹೊತ್ತಿಗೆ ಎಂಬುದರೊಂದಿಗೆ, ಮೊದಲ ದಿನದ ದಾಖಲೆಯಲ್ಲೇ ಬರೆಸಬೇಕು. ಒಮ್ಮೆ ಬೇರೆಯಾಗಿ ಬರೆಸಿದ ಮೇಲೆ ಪರಿಹಾರದ ಅರ್ಜಿಯನ್ನು ನಿಲ್ಲಿಸಿಕೊಳ್ಳುವುದು ಬಲು ಕಷ್ಟ.