ಲಾಂಗ್ ಪಿಂಗ್: ಹಳೆಯ ಅಂಕಗಳನ್ನು ಓದುವ ಬಗೆ

ಚೀನಾದ ವಾಲಿಬಾಲ್ ಆಟಗಾರ್ತಿ ಲಾಂಗ್ ಪಿಂಗ್ 1960ರ ಡಿಸೆಂಬರ್ 10ರಂದು ತಿಯಾಂಜಿನ್‌ನಲ್ಲಿ ಜನಿಸಿ, ಬೀಜಿಂಗ್‌ನಲ್ಲಿ ಬೆಳೆದರು. 1978ರಲ್ಲಿ ತರಬೇತುದಾರ ಯುವಾನ್ ವೈಮಿನ್ ಅವರ ರಾಷ್ಟ್ರೀಯ ತಂಡವನ್ನು ಸೇರಿದ ಅವರಿಗೆ, ಸ್ಮ್ಯಾಶ್‌ನ ಬಿರುಸಿನಿಂದಾಗಿ 'ಕಬ್ಬಿಣದ ಸುತ್ತಿಗೆ' ಎಂಬ ಹೆಸರು ಬಂತು.

ಮೊದಲು ಪ್ರಶಸ್ತಿಗಳ ವಿಷಯ. 1981ರ ವಿಶ್ವಕಪ್, 1982ರ ವಿಶ್ವ ಚಾಂಪಿಯನ್‌ಷಿಪ್, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, 1985ರ ವಿಶ್ವಕಪ್ ಮತ್ತು 1986ರ ವಿಶ್ವ ಚಾಂಪಿಯನ್‌ಷಿಪ್, ಹೀಗೆ ಚೀನಾ ಸಾಲಾಗಿ ಐದನ್ನು ಗೆದ್ದಿತು. ವಾಲಿಬಾಲ್‌ನಲ್ಲಿ ವಿಶ್ವಕಪ್ ಮತ್ತು ವಿಶ್ವ ಚಾಂಪಿಯನ್‌ಷಿಪ್ ಬೇರೆ ಬೇರೆ ಪಂದ್ಯಾವಳಿಗಳಾಗಿದ್ದವು ಎಂಬುದನ್ನು ನೆನಪಿಟ್ಟರೆ ಈ ಪಟ್ಟಿ ಗೊಂದಲಗೊಳಿಸುವುದಿಲ್ಲ. ಐದರ ಪೈಕಿ ಮೊದಲ ನಾಲ್ಕರಲ್ಲಿ ಲಾಂಗ್ ಪಿಂಗ್ ಆಟಗಾರ್ತಿಯಾಗಿದ್ದರು. ಐದನೆಯದರಲ್ಲಿ ಸಹಾಯಕ ತರಬೇತುದಾರರಾಗಿದ್ದರು.

ಇನ್ನು ನಿಜವಾಗಿ ತೊಡಕಾಗುವ ಭಾಗಕ್ಕೆ ಬರೋಣ. 1984ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಚೀನಾ ಅಮೆರಿಕವನ್ನು 16-14, 15-3, 15-9ರಿಂದ ಸೋಲಿಸಿತು. ಈ ಅಂಕಗಳನ್ನು ಇಂದಿನ 25 ಅಂಕಗಳ ಸೆಟ್‌ನ ಕಣ್ಣಿನಿಂದ ನೋಡಿದರೆ, ಎರಡನೆಯ ಸೆಟ್ ಕೇವಲ ಹದಿನೆಂಟು ಸರ್ವಿಸ್‌ಗಳಲ್ಲಿ ಮುಗಿದಂತೆ ತೋರುತ್ತದೆ. ಅದು ಹಾಗಲ್ಲ. ಆಗಿನ ನಿಯಮದಲ್ಲಿ ಸರ್ವ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಸರ್ವ್ ಸ್ವೀಕರಿಸಿದ ತಂಡ, ಸರ್ವ್‌ನಿಂದ ಚೆಂಡು ನೆಲಕ್ಕೆ ಬೀಳುವ ಅಥವಾ ತಪ್ಪಾಗುವವರೆಗಿನ ಆಟವನ್ನು, ಅಂದರೆ ರ‍್ಯಾಲಿಯನ್ನು ಗೆದ್ದರೆ ಅದಕ್ಕೆ ದೊರೆಯುತ್ತಿದ್ದುದು ಅಂಕವಲ್ಲ, ಮುಂದಿನ ಸರ್ವಿಸ್‌ನ ಹಕ್ಕು. ಇದನ್ನೇ ಸೈಡ್ ಔಟ್ ಎನ್ನುತ್ತಿದ್ದರು.

ಒಂದು ಲೆಕ್ಕ ಮಾಡೋಣ. ಮೊದಲ ತಂಡ ಸರ್ವ್ ಮಾಡುತ್ತದೆ, ಎರಡನೆಯ ತಂಡ ಸ್ಮ್ಯಾಶ್ ಹೊಡೆದು ರ‍್ಯಾಲಿ ಗೆಲ್ಲುತ್ತದೆ; ಅಂಕ 0-0, ಸರ್ವಿಸ್ ಎರಡನೆಯ ತಂಡಕ್ಕೆ. ಈಗ ಮೊದಲ ತಂಡವೂ ಸ್ವೀಕರಿಸಿ, ಹೊಡೆದು ಗೆಲ್ಲುತ್ತದೆ, ಆಗಲೂ 0-0. ಇದೇ ರೀತಿ ಆರು ರ‍್ಯಾಲಿಗಳು ನಡೆದರೂ ಅಂಕ 0-0 ಆಗಿಯೇ ಉಳಿಯುತ್ತದೆ, ಆದರೆ ಸರ್ವ್ ಯಾರದ್ದೇ ಆಗಿರಲಿ, ಗೆದ್ದವರಿಗೆ ಅಂಕ ಕೊಡುವ, ಒಲಿಂಪಿಕ್ಸ್‌ನಲ್ಲಿ 2000ರ ಸಿಡ್ನಿಯಿಂದ ಎಲ್ಲ ಸೆಟ್‌ಗಳಿಗೂ ಬಳಕೆಯಾದ ಪದ್ಧತಿಯಲ್ಲಿ ಅದೇ ಆರು ರ‍್ಯಾಲಿಗಳು 3-3 ಎಂದು ದಾಖಲಾಗುತ್ತವೆ.

ಇದರ ಪರಿಣಾಮವನ್ನು ನಿಧಾನವಾಗಿ ಯೋಚಿಸಬೇಕು. ಎದುರಾಳಿಯ ಸರ್ವ್ ಸ್ವೀಕರಿಸಿ, ಸೆಟ್ಟರ್ ಎತ್ತಿಕೊಟ್ಟ ಚೆಂಡನ್ನು ಲಾಂಗ್ ಪಿಂಗ್ ಅಂಕಣಕ್ಕೆ ಬಡಿದಾಗ ಚೀನಾದ ಅಂಕ ಏರುತ್ತಿರಲಿಲ್ಲ. ಆ ಹೊಡೆತದ ಫಲವನ್ನು ಎದುರಾಳಿಯ ಕಡೆಯ ಸಂಖ್ಯೆಯಲ್ಲಿ ಹುಡುಕಬೇಕು, ಏಕೆಂದರೆ ಎದುರಾಳಿಗೆ ಅಂಕ ಬರುತ್ತಿದ್ದುದು ಅವರ ಸರ್ವಿಸ್‌ನ ಮೇಲೆ ಚೀನಾ ರ‍್ಯಾಲಿ ಸೋತಾಗ ಮಾತ್ರ. ಹಾಗಾಗಿ 15-3ರಲ್ಲಿರುವ 3 ಎಂಬುದು, ಇಡೀ ಸೆಟ್‌ನಲ್ಲಿ ಅಮೆರಿಕದ ಸರ್ವಿಸ್ ಇದ್ದಾಗ ಚೀನಾ ರ‍್ಯಾಲಿ ಸೋತದ್ದು ಮೂರೇ ಬಾರಿ ಎಂದು ತಿಳಿಸುತ್ತದೆ. 15 ಎಂಬುದು ಚೀನಾದ ಸರ್ವಿಸ್, ಬ್ಲಾಕ್ (ಬಲೆಯ ಬಳಿ ಜಿಗಿದು ಹೊಡೆತ ತಡೆಯುವುದು), ರಕ್ಷಣೆ ಮತ್ತು ಮರುದಾಳಿಯ ಲೆಕ್ಕ. ಹಳೆಯ ಅಂಕಗಳನ್ನು ಓದುವಾಗ ನಾನು ಮೊದಲು ಸೋತವರ ಸಂಖ್ಯೆಯನ್ನೇ ನೋಡುತ್ತೇನೆ. ಗೆದ್ದವರ ಸಂಖ್ಯೆ ಹೇಗೂ 15ರ ಆಸುಪಾಸಿನಲ್ಲೇ ಇರುತ್ತದೆ.

1981ರ ವಿಶ್ವಕಪ್‌ಗೆ ಮತ್ತೊಂದು ಎಚ್ಚರಿಕೆ ಬೇಕು. ಅಲ್ಲಿ ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಡನೆ ಆಡುತ್ತಿತ್ತು, ಪ್ರತ್ಯೇಕ ಫೈನಲ್ ಇರಲಿಲ್ಲ. ಒಸಾಕಾದಲ್ಲಿ ಜಪಾನ್ ವಿರುದ್ಧದ ಕೊನೆಯ ಪಂದ್ಯದಲ್ಲಿ ಮೊದಲ ಎರಡು ಸೆಟ್ ಗೆದ್ದೊಡನೆಯೇ ಕಪ್ ಚೀನಾದ ಪಾಲಾಗಿತ್ತು. ಆದರೂ ಪಂದ್ಯ ಐದನೆಯ ಸೆಟ್‌ನ 17-15ರವರೆಗೆ ಎಳೆಯಿತು.

ಆಟ ನಿಲ್ಲಿಸಿದ್ದ ಲಾಂಗ್ ಪಿಂಗ್ 1990ರ ವಿಶ್ವ ಚಾಂಪಿಯನ್‌ಷಿಪ್‌ಗೆ ತಂಡಕ್ಕೆ ಮರಳಿ ಬೆಳ್ಳಿ ಗೆದ್ದರು. ತರಬೇತುದಾರರಾಗಿ 1996ರ ಅಟ್ಲಾಂಟಾದಲ್ಲಿ ಚೀನಾಕ್ಕೆ, 2008ರ ಬೀಜಿಂಗ್‌ನಲ್ಲಿ ಅಮೆರಿಕಕ್ಕೆ ಬೆಳ್ಳಿ ತಂದುಕೊಟ್ಟರು. ಬೀಜಿಂಗ್‌ನಲ್ಲಿ ಅವರ ಅಮೆರಿಕ ತಂಡ ಗುಂಪಿನ ಹಂತದಲ್ಲಿ ಚೀನಾವನ್ನೇ 3-2ರಿಂದ ಮಣಿಸಿತ್ತು. 2013ರಲ್ಲಿ ಅವರು ಮತ್ತೆ ಚೀನಾ ತಂಡದ ಹೊಣೆ ಹೊತ್ತರು.

2016ರ ರಿಯೊ ಚಿನ್ನವನ್ನು ಅರ್ಥಮಾಡಿಕೊಳ್ಳಲೂ ಪಂದ್ಯಾವಳಿಯ ರಚನೆ ತಿಳಿದಿರಬೇಕು. ಗುಂಪಿನ ಐದು ಪಂದ್ಯಗಳಲ್ಲಿ ಚೀನಾ ನೆದರ್‌ಲೆಂಡ್ಸ್, ಸರ್ಬಿಯಾ ಮತ್ತು ಅಮೆರಿಕಕ್ಕೆ ಸೋತಿತು. ಆದರೆ ಆರು ತಂಡಗಳ ಗುಂಪಿನಿಂದ ನಾಲ್ಕು ತಂಡಗಳು ಕ್ವಾರ್ಟರ್ ಫೈನಲ್ ತಲುಪುತ್ತಿದ್ದುದರಿಂದ, ನಾಲ್ಕನೆಯ ಸ್ಥಾನದಲ್ಲಿದ್ದ ಚೀನಾ ಉಳಿದುಕೊಂಡಿತು. ಅಲ್ಲಿಂದ ಮುಂದೆ ಗುಂಪಿನ ಸೋಲುಗಳು ಲೆಕ್ಕಕ್ಕಿರಲಿಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ಹಿಂದಿನ ಎರಡು ಒಲಿಂಪಿಕ್ಸ್‌ಗಳ ಚಾಂಪಿಯನ್ ಬ್ರೆಜಿಲ್ ಅನ್ನು ಅದರ ನೆಲದಲ್ಲೇ 3-2ರಿಂದ ಸೋಲಿಸಿದ ಮೇಲೆ, ಸೆಮಿಫೈನಲ್‌ನಲ್ಲಿ ನೆದರ್‌ಲೆಂಡ್ಸ್, ಫೈನಲ್‌ನಲ್ಲಿ ಸರ್ಬಿಯಾ, ಅಂದರೆ ಗುಂಪಿನಲ್ಲಿ ತಮ್ಮನ್ನು ಸೋಲಿಸಿದ್ದ ಎರಡು ತಂಡಗಳನ್ನೇ ಚೀನಾ 3-1ರಿಂದ ಗೆದ್ದಿತು. 1984ರಲ್ಲೂ ಹೀಗೆಯೇ ಆಗಿತ್ತು; ಫೈನಲ್‌ನಲ್ಲಿ ಸೋತ ಅಮೆರಿಕ, ಗುಂಪಿನ ಹಂತದಲ್ಲಿ ಚೀನಾವನ್ನು 3-1ರಿಂದ ಸೋಲಿಸಿತ್ತು. ರಿಯೊ ಗೆಲುವಿನೊಂದಿಗೆ ಆಟಗಾರ್ತಿಯಾಗಿಯೂ ತರಬೇತುದಾರರಾಗಿಯೂ ಒಲಿಂಪಿಕ್ ಚಿನ್ನ ಗೆದ್ದ ವಾಲಿಬಾಲ್‌ನ ಮೊದಲ ವ್ಯಕ್ತಿ ಲಾಂಗ್ ಪಿಂಗ್ ಆದರು. 2019ರ ವಿಶ್ವಕಪ್‌ನಲ್ಲಿ ಅವರ ತಂಡ ಹನ್ನೊಂದಕ್ಕೆ ಹನ್ನೊಂದೂ ಪಂದ್ಯಗಳನ್ನು ಗೆದ್ದಿತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗುಂಪಿನ ಹಂತವನ್ನೇ ದಾಟಲಿಲ್ಲ, ಅದರ ಬಳಿಕ ಅವರು ಹುದ್ದೆ ಬಿಟ್ಟರು.