ಹೊಸ ಭಾಗ ಕೆಟ್ಟರೆ ಹಳೆಯದೂ ಕೆಡುತ್ತಾ?

ಪ್ರಶ್ನೆ: ನಾನು ಸ್ಟಾರ್ ವಾರ್ಸ್ ಸಿನಿಮಾಗಳನ್ನು ನೋಡುತ್ತಾ ಬೆಳೆದವನು. ಇನ್ನೊಂದು ಭಾಗ ಬರುತ್ತದಂತೆ ಎಂದು ಕೇಳಿದಾಗಲೆಲ್ಲ ಮೊದಲು ಖುಷಿ, ಆಮೇಲೆ ಹೊಟ್ಟೆಯಲ್ಲಿ ಒಂಥರಾ ಸಂಕಟ. ಹೊಸದು ಚೆನ್ನಾಗಿ ಬರದಿದ್ದರೆ ನಾನು ಇಷ್ಟಪಟ್ಟ ಹಳೆಯದೂ ಕೆಟ್ಟು ಹೋಗುತ್ತಾ? ಮನೆಯಲ್ಲಿ ಹೇಳಿದರೆ ನಗುತ್ತಾರೆ. (ವಿರಾಜಪೇಟೆಯ ಓದುಗರೊಬ್ಬರು)

ಉತ್ತರ: ನಗುವವರು ನಗಲಿ ಬಿಡಿ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ತುಂಬಾ ಜನ ಕೇಳುತ್ತಾರೆ. "ಹಳೆಯದು ಎಲ್ಲಿಗೂ ಹೋಗಿಲ್ಲವಲ್ಲ, ಬೇಕಾದಾಗ ಹಾಕಿಕೊಂಡು ನೋಡಿ" ಎಂದು ನಾನೂ ಸುಮ್ನೆ ಸಮಾಧಾನ ಹೇಳಿ ಮುಗಿಸಬಹುದು. ಆದರೆ ಅದು ಪೂರ್ತಿ ನಿಜವಲ್ಲ. ಹೊಸದು ಹಳೆಯದನ್ನು ಮುಟ್ಟಿಯೇ ಮುಟ್ಟುತ್ತದೆ. ಎಲ್ಲಿ ಮುಟ್ಟುತ್ತದೆ ಎಂದು ನೋಡೋಣ.

ಮೊದಲು ನನ್ನದೇ ಒಂದು ಕಥೆ. ಅಪ್ಪ ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಎಂಬತ್ತರ ದಶಕದ ಕೊನೆ. ವಿಸಿಆರ್ ಇದ್ದದ್ದು ಸಾಹುಕಾರರ ಮನೆಯಲ್ಲಿ ಮಾತ್ರ. ಒಂದು ಮಳೆಗಾಲದಲ್ಲಿ ಅವರ ಮಗ ಮೈಸೂರಿನಿಂದ ಕ್ಯಾಸೆಟ್ ತಂದ. ಅದು 1980ರಲ್ಲಿ ಬಂದ, ಸ್ಟಾರ್ ವಾರ್ಸ್‌ನ ಎರಡನೇ ಚಿತ್ರ. ಮೊದಲನೆಯದನ್ನು ನಾವು ನೋಡಿಯೇ ಇರಲಿಲ್ಲ! ನಾನು ಮತ್ತು ನನ್ನ ದೊಡ್ಡಪ್ಪನ ಮಗ ನೆಲದ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡಿದೆವು. ಚಿತ್ರ ಮುಗಿಯುವಾಗ ನಾಯಕನ ಗೆಳೆಯ ಹಾನ್ ಸೋಲೊ ಹೆಪ್ಪುಗಟ್ಟಿ, ಹಲಗೆಯಂತಾಗಿ, ಯಾರದೋ ಕೈ ಸೇರಿರುತ್ತಾನೆ. ನಾಯಕ ಲ್ಯೂಕ್‌ನ ಒಂದು ಕೈ ಹೋಗಿರುತ್ತದೆ. ಶತ್ರು ಡಾರ್ತ್ ವೇಡರ್ ತನ್ನ ಅಪ್ಪ ಎಂದು ಅವನಿಗೆ ಗೊತ್ತಾಗಿರುತ್ತದೆ. (ಅಪ್ಪ, ಮಗ ಎದುರುಬದುರು ನಿಲ್ಲುವುದು ನಮಗೇನು ಹೊಸದಲ್ಲ. ಮೊದಲ ಸ್ಟಾರ್ ವಾರ್ಸ್ ಬಂದ 1977ರಲ್ಲೇ ನಮ್ಮ ರಾಜ್‌ಕುಮಾರ್ ಅರ್ಜುನನೂ ಆಗಿ ಬಭ್ರುವಾಹನನೂ ಆಗಿ ತಮ್ಮ ಮೇಲೆ ತಾವೇ ಬಾಣ ಬಿಟ್ಟಿದ್ದರು.) ಅಷ್ಟಕ್ಕೆ ಕ್ಯಾಸೆಟ್ ಮುಗಿಯಿತು. ಮೂರನೇ ಭಾಗ ನಮ್ಮ ಕೈಗೆ ಸಿಕ್ಕಿದ್ದು ಮುಂದಿನ ಬೇಸಿಗೆಯಲ್ಲಿ.

ಆ ನಡುವೆ, ಕಣದಲ್ಲಿ ಒಣಗಲು ಹಾಕಿದ್ದ ಕಾಫಿ ಕಾಯುತ್ತಾ, ನಾವಿಬ್ಬರೂ ನಮ್ಮದೇ ಮೂರನೇ ಭಾಗ ಕಟ್ಟಿದೆವು. ಅದರಲ್ಲಿ ಹಾನ್‌ನನ್ನು ಬಿಡಿಸಲು ಅವನ ಮೈತುಂಬ ಕೂದಲಿನ ಜೊತೆಗಾರ ಚ್ಯೂಯಿ ಜೀಪಿನಲ್ಲಿ ಬರುತ್ತಿದ್ದ. ವೇಡರ್ ಕೊನೆಯವರೆಗೂ ಕೆಟ್ಟವನೇ. ಅವನು ಒಳ್ಳೆಯವನಾಗುವುದಕ್ಕೆ ಅಣ್ಣ ಒಪ್ಪಲೇ ಇಲ್ಲ. ಕೊನೆಗೆ ನಿಜವಾದ ಮೂರನೇ ಭಾಗ ಬಂತು. ಕರಡಿ ಮರಿಗಳಂತಹ ಇವಾಕ್‌ಗಳು ಕಲ್ಲು, ಬಿಲ್ಲು, ಮರದ ದಿಮ್ಮಿ ಹಿಡಿದು ವೇಡರ್‌ನ ಒಡೆಯನಾದ ಚಕ್ರವರ್ತಿಯ ಸೈನ್ಯವನ್ನೇ ಹೊಡೆದು ಹಾಕಿದವು. ಅಣ್ಣ ಸಿಟ್ಟಿನಿಂದ ಎದ್ದು ಹೋದ. ನನಗೆ ಇಷ್ಟವಾಯಿತು. ಆ ಕಾಡಿನಲ್ಲಿ ನಮ್ಮ ತೋಟದಾಚೆಯ ಕಾಡಿನ ಹಾಗೆಯೇ ಮಂಜು ಇತ್ತು.

ಹೀಗಾಗಿ ನಿಮ್ಮ ಸಂಕಟ ಈಚೆಗೆ ಹುಟ್ಟಿದ್ದಲ್ಲ. ಮೂರನೇ ಭಾಗ ಬಂದ 1983ರಲ್ಲೇ ಅದು ಇತ್ತು. ಕಾಯುವವರೆಲ್ಲ ತಲೆಯೊಳಗೆ ಒಂದು ಮುಂದಿನ ಭಾಗ ಮಾಡಿಕೊಂಡೇ ಕಾಯುತ್ತಾರೆ. ತೆರೆಯ ಮೇಲೆ ಬರುವುದು ಅದರ ಜೊತೆ ಕುಸ್ತಿ ಆಡಬೇಕು.

ಈಗ ಒಂದು ವ್ಯತ್ಯಾಸ ಹೇಳುತ್ತೇನೆ. ಕಥೆಯನ್ನು ಮತ್ತೆ ಹೇಳುವುದು ಬೇರೆ, ಮುಂದುವರಿಸುವುದು ಬೇರೆ. ಮಡಿಕೇರಿ ದಸರಾವನ್ನೇ ತೆಗೆದುಕೊಳ್ಳಿ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುತ್ತವೆ. ದೊಡ್ಡ ದೊಡ್ಡ ಮೂರ್ತಿಗಳು, ಲೈಟು, ಹೊಗೆ, ಎದೆ ನಡುಗಿಸುವ ಸೌಂಡು. ಪ್ರತಿ ವರ್ಷ ಯಾರೋ ಒಬ್ಬ ರಾಕ್ಷಸ ಸಾಯಲೇಬೇಕು. ಮಹಿಷಾಸುರನಂತೂ ಎಷ್ಟು ಸಲ ಸತ್ತಿದ್ದಾನೋ ಲೆಕ್ಕವಿಲ್ಲ. ಆದರೂ "ಇವನನ್ನು ಹೋದ ವರ್ಷವೇ ಕೊಂದಿದ್ದರಲ್ಲ, ಹಾಗಾದರೆ ಅದು ಸುಳ್ಳಾ?" ಎಂದು ಚಳಿಯಲ್ಲಿ ನಿಂತ ಯಾರೂ ಕೇಳುವುದಿಲ್ಲ. ಯಾಕೆಂದರೆ ಅದು ಹೋದ ವರ್ಷದ ಕಥೆಯ ಮುಂದಿನ ಭಾಗವಲ್ಲ. ಅದೇ ಕಥೆ, ಹೊಸದಾಗಿ. ಕನ್ನಡದವರು ಇದರಲ್ಲಿ ಪಳಗಿದವರು. ಪಂಪ ಅರ್ಜುನನನ್ನು ಮುಂದೆ ನಿಲ್ಲಿಸಿದ, ರನ್ನ ಭೀಮನನ್ನು. ಇಬ್ಬರನ್ನೂ ಇಟ್ಟುಕೊಂಡಿದ್ದೇವೆ.

ಮುಂದುವರಿಸುವುದು ಕಷ್ಟದ ಕೆಲಸ. ಕುಮಾರವ್ಯಾಸ ಭಾರತದ ಹತ್ತು ಪರ್ವ ಹೇಳಿ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಕುಮಾರವ್ಯಾಸನನ್ನು ಇಂದಿಗೂ ಗಮಕಿಗಳು ಹಾಡುತ್ತಾರೆ. ತಿಮ್ಮಣ್ಣನ ಒಂದು ಪದ್ಯ ಹೇಳಿ ಎಂದರೆ ನನಗೂ ಬರುವುದಿಲ್ಲ. ಪಾಪ, ಅವನ ಕೆಲಸ ಕೆಟ್ಟದೇನೂ ಅಲ್ಲ. ಆದರೆ ಜನರ ಮನಸ್ಸಿನಲ್ಲಿ ಕಥೆ ಆಗಲೇ ಮುಗಿದಿತ್ತು. ಇನ್ನೊಂದು ಮಾತು ಗಮನಿಸಿ. ತಿಮ್ಮಣ್ಣನಿಂದ ಕುಮಾರವ್ಯಾಸನಿಗೆ ಒಂದು ಚೂರೂ ನಷ್ಟವಾಗಲಿಲ್ಲ.

ಸ್ಟಾರ್ ವಾರ್ಸ್‌ಗೆ ನಷ್ಟವಾಯಿತೇ? 2012ರ ಅಕ್ಟೋಬರ್ 30ರಂದು ಡಿಸ್ನಿ ಕಂಪನಿ, ಸ್ಟಾರ್ ವಾರ್ಸ್ ಹುಟ್ಟಿಸಿದ ಜಾರ್ಜ್ ಲ್ಯೂಕಸ್ ಅವರ ಲ್ಯೂಕಸ್‌ಫಿಲ್ಮ್ ಅನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಏಳನೇ ಭಾಗ 2015ಕ್ಕೆ ಬರುತ್ತದೆ ಎಂದೂ ಅದೇ ದಿನ ಹೇಳಿತು. (1999ರಿಂದ 2005ರವರೆಗೆ ಬಂದ ಇನ್ನೂ ಮೂರು ಸೇರಿ ಆಗಲೇ ಆರು ಭಾಗ ಆಗಿದ್ದವು.) 2014ರಲ್ಲಿ, ಅಲ್ಲಿಯವರೆಗೆ ಕಾದಂಬರಿ, ಕಾಮಿಕ್ಸ್‌ಗಳಲ್ಲಿ ಬಂದಿದ್ದ ಮುಂದಿನ ಕಥೆಗಳನ್ನೆಲ್ಲ "ದಂತಕಥೆ" ಎಂಬ ಹೆಸರು ಕೊಟ್ಟು ಪಕ್ಕಕ್ಕೆ ಇಟ್ಟರು. ಇಪ್ಪತ್ತು ವರ್ಷ ಅವುಗಳನ್ನು ಓದಿಕೊಂಡು ಬಂದವರಿಗೆ ಹೇಗಾಗಿರಬೇಡ?

ಅಮೆರಿಕದಲ್ಲಿ 2015ರ ಡಿಸೆಂಬರ್ 18ಕ್ಕೆ ಬಂದ ಚಿತ್ರ ನಮ್ಮಲ್ಲಿ ಒಂದು ವಾರ ತಡವಾಗಿ, 25ಕ್ಕೆ ಬಂತು. ಕಾಫಿ ಕೊಯ್ಲಿನ ಸಮಯ. ಆದರೂ ಅಣ್ಣ ತೋಟದ ಕೆಲಸ ಬಿಟ್ಟು ಬಂದ. ಇಬ್ಬರೂ ಮೈಸೂರಿಗೆ ಹೋಗಿ ನೋಡಿದೆವು. ಚಿತ್ರದ ಶುರುವಿನ ಆ ತುತ್ತೂರಿ ಮೊಳಗಿದಾಗ ಇಬ್ಬರಿಗೂ ಕಣ್ಣು ಒದ್ದೆ. ವಾಪಸು ಬರುವಾಗ ಪಿರಿಯಾಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದೆವು. ಅಲ್ಲಿಯವರೆಗೆ ಸುಮ್ಮನಿದ್ದ ಅಣ್ಣ ಒಂದೇ ಮಾತು ಕೇಳಿದ. "ಹಾಗಾದ್ರೆ ಅವತ್ತು ಗೆದ್ದಿದ್ದು ಯಾಕೆ?"

ನಿಮ್ಮ ಭಯದ ಬೇರು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. 1983ರಲ್ಲಿ ಚಕ್ರವರ್ತಿ ಸತ್ತ, ವೇಡರ್ ಮಗನಿಗಾಗಿ ಪ್ರಾಣ ಕೊಟ್ಟ, ಹಾನ್ ಮತ್ತು ಅವನು ಪ್ರೀತಿಸಿದ ಲಿಯಾ ಒಂದಾದರು. 2015ರಲ್ಲಿ ನೋಡಿದರೆ ಹಾನ್, ಲಿಯಾ ದೂರವಾಗಿದ್ದಾರೆ. ಅವರ ಮಗ ಕೆಟ್ಟವರ ಕಡೆ ಸೇರಿದ್ದಾನೆ. ಲ್ಯೂಕ್ ಊರು ಬಿಟ್ಟು ಹೋಗಿದ್ದಾನೆ. ಹಳೆಯ ಸಾಮ್ರಾಜ್ಯದಂತಹದೇ ಇನ್ನೊಂದು ಎದ್ದು ನಿಂತಿದೆ. ಯಾಕೆ ಹೀಗಾಯಿತು? ನಿರ್ದೇಶಕ ಜೆ.ಜೆ. ಅಬ್ರಾಮ್ಸ್ 1977ರ ಕಥೆಯನ್ನೇ ಮತ್ತೆ ಹೇಳಿದರು. ಮರುಭೂಮಿಯ ಅನಾಥೆ, ಗುಟ್ಟು ಹೊತ್ತ ಪುಟ್ಟ ರೋಬೋ, ಗ್ರಹವನ್ನೇ ಸುಡುವ ಯಂತ್ರ. ಅದೇ ಹೋರಾಟ ಮತ್ತೆ ಶುರುವಾಗಬೇಕಾದರೆ ಹಿಂದಿನ ಗೆಲುವನ್ನು ಅಳಿಸಲೇಬೇಕು. ಮಂಟಪದಲ್ಲಿ ಮಾಡಬೇಕಾದ್ದನ್ನು ಮುಂದಿನ ಪರ್ವದಲ್ಲಿ ಮಾಡಿದ ಹಾಗಾಯಿತು. ಚಿತ್ರ 200 ಕೋಟಿ ಡಾಲರ್ ದಾಟಿ ಗಳಿಸಿತು ಅನ್ನುವುದೂ ನಿಜ.

ಗೆಲುವನ್ನು ಅಳಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಹಾಭಾರತದಲ್ಲೇ ಮೌಸಲಪರ್ವ ಇದೆಯಲ್ಲ. ಗೆದ್ದ ಕಡೆಯ ಕೃಷ್ಣನ ವಂಶವೇ ತಮ್ಮತಮ್ಮಲ್ಲಿ ಬಡಿದಾಡಿ ಸಾಯುತ್ತದೆ. ಯಾರೂ "ಮೋಸ" ಎನ್ನುವುದಿಲ್ಲ. ಗಾಂಧಾರಿಯ ಶಾಪ ಮೊದಲೇ ಬಿದ್ದಿತ್ತು, 36 ವರ್ಷ ಬಿಟ್ಟು ಫಲ ಕೊಟ್ಟಿತು. 2019ರ ಒಂಬತ್ತನೇ ಭಾಗದಲ್ಲಿ ಸತ್ತ ಚಕ್ರವರ್ತಿ ಎದ್ದು ಬಂದದ್ದಕ್ಕೆ ಅಂತಹ ಬೀಜ ಹಿಂದಿನ ಎರಡು ಭಾಗಗಳಲ್ಲಿ ಎಲ್ಲೂ ಬಿದ್ದಿರಲಿಲ್ಲ. ಅವನು ಬದುಕಿದ್ದರೆ ವೇಡರ್ ಯಾತಕ್ಕೆ ಸತ್ತ? ಇಡೀ ಸರಣಿಯಲ್ಲಿ ನನಗೆ ಸಿಟ್ಟು ಬಂದದ್ದು ಅದೊಂದಕ್ಕೇ. 2017ರ ಎಂಟನೇ ಭಾಗದಲ್ಲಿ ರಿಯಾನ್ ಜಾನ್ಸನ್ ಬೇರೆಯೇ ದಾರಿ ಹಿಡಿದಿದ್ದರು. ಲ್ಯೂಕ್ ತನ್ನ ಹಳೆಯ ಕತ್ತಿಯನ್ನು ಕೈಗೆ ಕೊಟ್ಟ ತಕ್ಷಣ ಹಿಂದಕ್ಕೆ ಎಸೆಯುತ್ತಾನೆ. ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಉಗಿದರು. ಒಂಬತ್ತನೆಯದಕ್ಕೆ ಮೊದಲು ಒಪ್ಪಿಕೊಂಡಿದ್ದ ನಿರ್ದೇಶಕರು 2017ರಲ್ಲೇ ಹೊರಗೆ ಹೋದರು, ಅಬ್ರಾಮ್ಸ್ ವಾಪಸು ಬಂದರು. ಒಬ್ಬರು ಹಾಕಿದ ಗಂಟನ್ನು ಇನ್ನೊಬ್ಬರು ಬಿಚ್ಚುತ್ತಾ ಕೂತ ಹಾಗೆ ಕಾಣುತ್ತದೆ.

ಹೊಸದು ಹಳೆಯದನ್ನು ಚೆನ್ನಾಗಿ ಮಾಡುವುದೂ ಉಂಟು. 1977ರ ಚಿತ್ರದಲ್ಲಿ ಗ್ರಹವನ್ನೇ ಸುಡುವ ಅಷ್ಟು ದೊಡ್ಡ ಯಂತ್ರ ಡೆತ್ ಸ್ಟಾರ್, ಒಂದು ಸಣ್ಣ ತೂತಿಗೆ ಗುಂಡು ಬಿದ್ದು ಸಿಡಿಯುತ್ತದೆ. ಇಂಥ ದಡ್ಡತನ ಯಾರು ಮಾಡಿದರು ಎಂದು ನಾವು ವರ್ಷಗಟ್ಟಲೆ ನಗುತ್ತಿದ್ದೆವು. 2016ರ ರೋಗ್ ವನ್ ಚಿತ್ರ ಅದಕ್ಕೂ ಹಿಂದಿನ ಕಥೆ ಹೇಳಿ ಉತ್ತರ ಕೊಟ್ಟಿತು. ಡೆತ್ ಸ್ಟಾರ್ ಕಟ್ಟಿದ ಎಂಜಿನಿಯರೇ ಸೇಡಿಗಾಗಿ ಬೇಕೆಂದೇ ಆ ದೋಷ ಇಟ್ಟಿದ್ದ. ಅದನ್ನು ನೋಡಿದ ಮೇಲೆ ಹಳೆಯ ಚಿತ್ರದ ಆ ಕೊನೆಯ ಹತ್ತು ನಿಮಿಷ ನನಗೆ ಜಾಸ್ತಿ ಇಷ್ಟವಾಗಿದೆ. ನಮ್ಮ ಕಾಂತಾರದಲ್ಲೂ ಇಂಥದೇ ಜಾಣತನ ಕಂಡೆ. 2022ರ ಚಿತ್ರ ಗೆದ್ದ ಮೇಲೆ ರಿಷಬ್ ಶೆಟ್ಟಿ 2025ರಲ್ಲಿ ಹಿಂದಿನ ಕಾಲಕ್ಕೆ ಹೋದರು. ಹೀಗಾಗಿ ನಾಯಕ ಶಿವ ಕಾಡಿನಲ್ಲಿ ಮರೆಯಾಗುವ ಆ ಕೊನೆಯನ್ನು ಯಾರೂ ಮುಟ್ಟಲಿಲ್ಲ.

ಹಾಗೆಂದು ಹಿಂದಕ್ಕೆ ಹೋದರೆ ಏನೂ ಕಳೆಯುವುದಿಲ್ಲ ಅನ್ನಬೇಡಿ. ನನ್ನ ತಂಗಿಯ ಮಗ ನಂಬರ್ ಪ್ರಕಾರ ಒಂದರಿಂದ ಶುರು ಮಾಡಿದ. ಅಂದರೆ ವೇಡರ್‌ನ ಹಿಂದಿನ ಕಥೆ ಹೇಳುವ 1999, 2002, 2005ರ ಚಿತ್ರಗಳು ಮೊದಲು. 1980ರ ಚಿತ್ರದಲ್ಲಿ ವೇಡರ್ ತಾನೇ ಅಪ್ಪ ಎಂದಾಗ ಅವನು ಚಿಪ್ಸ್ ತಿನ್ನುತ್ತಾ, "ಲ್ಯೂಕ್‌ಗೆ ಇಷ್ಟು ದಿನ ಗೊತ್ತಿರಲಿಲ್ವಾ ಮಾವ?" ಎಂದ. ನನ್ನ ಎದೆ ಒಡೆಯಿತು. ಆ ಮಗುವಿಗೆ ಆ ಕ್ಷಣ ಇನ್ನು ಸಿಗುವುದಿಲ್ಲ. ತೋರಿಸುವುದಾದರೆ ಬಂದ ವರ್ಷದ ಪ್ರಕಾರವೇ ತೋರಿಸಿ: 1977, 1980, 1983.

ಅಂದ ಹಾಗೆ, ಹಳೆಯ ಚಿತ್ರಗಳನ್ನು ನಿಜವಾಗಿ ಕೈಹಾಕಿ ಬದಲಿಸಿದವರು ಡಿಸ್ನಿಯವರಲ್ಲ, ಲ್ಯೂಕಸ್ ಅವರೇ. 1997ರಲ್ಲಿ ಮೂರನ್ನೂ ತಿದ್ದಿ ಮತ್ತೆ ಬಿಟ್ಟರು. ಹೋಟೆಲಿನ ಜಗಳದಲ್ಲಿ ಮೊದಲು ಗುಂಡು ಹಾರಿಸುತ್ತಿದ್ದ ಹಾನ್ ಈಗ ಎರಡನೆಯವನಾದ. ಇವಾಕ್‌ಗಳ ಕೊನೆಯ ಹಾಡು ಹೋಯಿತು. 2004ರ ಡಿವಿಡಿಯಲ್ಲಿ, ಸತ್ತ ವೇಡರ್‌ನ ಆತ್ಮವಾಗಿ ನಿಂತಿದ್ದ ವಯಸ್ಸಾದ ನಟನನ್ನು ತೆಗೆದು 2002ರ ಚಿತ್ರದ ಯುವ ನಟನನ್ನು ಅಂಟಿಸಿದರು. "ಹಳೆಯದು ಇದ್ದಲ್ಲೇ ಇದೆ" ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ.

ಭಯ ಇರಲಿ, ಆದರೆ ಅದನ್ನು ನಟರ ಮೇಲೆ ಕಾರಬೇಡಿ. 1999ರ ಚಿತ್ರದಲ್ಲಿ ಜಾರ್ ಜಾರ್ ಬಿಂಕ್ಸ್ ಪಾತ್ರ ಮಾಡಿದ ಅಹ್ಮದ್ ಬೆಸ್ಟ್, ಜನರ ಬೈಗುಳದಿಂದ ಸಾಯುವ ಯೋಚನೆಯವರೆಗೆ ಹೋಗಿದ್ದನ್ನು 2018ರಲ್ಲಿ ಹೇಳಿಕೊಂಡರು. ಅದೇ ವರ್ಷ ಎಂಟನೇ ಭಾಗದ ನಟಿ ಕೆಲ್ಲಿ ಮೇರಿ ಟ್ರಾನ್ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದನ್ನೆಲ್ಲ ಅಳಿಸಿದರು. ಒಂದು ಪಾತ್ರ ಹಿಡಿಸಲಿಲ್ಲ ಅಂತ ಇಷ್ಟೆಲ್ಲ ಬೇಕಾ? 1999ರಲ್ಲಿ ಮಕ್ಕಳಾಗಿದ್ದವರು ಈಗ ಅದೇ ಚಿತ್ರಗಳನ್ನು ತಮ್ಮ ಬಾಲ್ಯ ಎಂದು ಎದೆಗೆ ಅಪ್ಪಿಕೊಂಡಿದ್ದಾರೆ. 2023ರಲ್ಲಿ ಸ್ಟಾರ್ ವಾರ್ಸ್‌ನದೇ ಮ್ಯಾಂಡಲೋರಿಯನ್ ಸರಣಿಯಲ್ಲಿ ಅಹ್ಮದ್ ಬೆಸ್ಟ್ ಜೆಡೈ, ಅಂದರೆ ಲ್ಯೂಕ್‌ನಂಥ ಯೋಧ, ಆಗಿ ಬಂದು, ಆ ಸರಣಿಯ ಪುಟ್ಟ ಹಸಿರು ಮಗುವನ್ನು ಕಾಪಾಡಿದರು. ಆ ದಿನ ನಾನು ಒಬ್ಬನೇ ಕೂತು ಚಪ್ಪಾಳೆ ತಟ್ಟಿದೆ.

ನಿಮ್ಮ ಪ್ರಶ್ನೆಗೆ ಬರೋಣ. ಹೊಸ ಚಿತ್ರ ಹಳೆಯದಕ್ಕಿಂತ ಹತ್ತಿಪ್ಪತ್ತು ವರ್ಷ ಮುಂದಿನ ಕಥೆ ಹೇಳಿ, ಹಳೆಯ ಗೆಲುವನ್ನು ಕೆಣಕುತ್ತಿದೆಯಾ ಅಂತ ಮೊದಲು ನೋಡಿಕೊಳ್ಳಿ. ಕೆಣಕುತ್ತಿದ್ದರೆ ಸ್ವಲ್ಪ ಹೆದರಿ, ನಾನೂ ಹೆದರುತ್ತೇನೆ. ಪಕ್ಕದ ಗಲ್ಲಿಯ ಯಾರದೋ ಕಥೆ ಆದರೆ ಧೈರ್ಯವಾಗಿ ಟಿಕೆಟ್ ತೆಗೆಯಿರಿ. ಒಂದು ಭಾಗ ತೀರಾ ಹಿಡಿಸದಿದ್ದರೆ ಅದನ್ನು ತಿಮ್ಮಣ್ಣನ ಭಾರತ ಎಂದುಕೊಂಡು ಕಪಾಟಿನಲ್ಲಿ ಇಡಿ. ನಾನು ಒಂಬತ್ತನೆಯದನ್ನು ಹಾಗೆಯೇ ಇಟ್ಟಿದ್ದೇನೆ.

ಈ ಸಲದ ಮಳೆಗಾಲದಲ್ಲಿ ಅಣ್ಣನ ಮಗಳಿಗೆ ಮೊದಲೆರಡು ತೋರಿಸಿದೆವು. ಎರಡನೆಯದು ಮುಗಿದ ಕೂಡಲೇ "ಮುಂದಿನದು ಹಾಕಿ" ಎಂದು ಹಟ ಹಿಡಿದಳು. ಕರೆಂಟ್ ಹೋಗುತ್ತದೆ, ಮುಂದಿನ ವಾರ ನೋಡೋಣ ಎಂದು ಅಣ್ಣ ಸುಳ್ಳು ಹೇಳಿದ. ಮಾರನೆಯ ದಿನ ಅವಳು ನೋಟ್‌ಬುಕ್ಕಿನಲ್ಲಿ ಮೂರನೇ ಭಾಗ ಬರೆಯಲು ಕೂತಳು. ಇವನು ಸುಮ್ಮನಿರಬೇಕಲ್ಲ, ನಮ್ಮ ಹಳೆಯ ಜೀಪಿನ ಐಡಿಯಾ ಕೊಟ್ಟಿದ್ದಾನೆ. ಜೀಪ್ ಬೇಡವಂತೆ. ಚ್ಯೂಯಿ ಸ್ಕೂಟಿಯಲ್ಲಿ ಬರುತ್ತಾನಂತೆ, ಹಿಂದೆ ಲಿಯಾ ಕೂತಿರುತ್ತಾಳಂತೆ, ಹೆಲ್ಮೆಟ್ ಹಾಕಿಕೊಂಡು.