ಬಲ್ಬು, ಫ್ಯಾನು, ಒಂದು ತಕ್ಕಡಿ: ಮನೆಯಲ್ಲೇ ಕಾವು ಪೆಟ್ಟಿಗೆ

ಜ್ವರ ನೋಡುವ ಥರ್ಮಾಮೀಟರಿನಲ್ಲಿ 99.5 ತೋರಿಸಿದರೆ, ಇದು ಜ್ವರವೋ ಅಲ್ಲವೋ ಎಂದು ಮನೆಯವರು ಅನುಮಾನಿಸುತ್ತಾರೆ. ಕೋಳಿಮೊಟ್ಟೆ ಮರಿಯಾಗಲು ಬೇಕಾದ ಶಾಖ ಅಷ್ಟೇ: 99.5 ಫ್ಯಾರನ್‌ಹೀಟ್, ಅಂದರೆ 37.5 ಡಿಗ್ರಿ ಸೆಲ್ಸಿಯಸ್. ಕಾವು ಕೂತ ಹೇಟೆಯ ಮೈ ಇನ್ನೂ ಬಿಸಿ, ಸುಮಾರು 41 ಡಿಗ್ರಿ. ಆದರೆ ಮೊಟ್ಟೆಯ ಒಂದು ಮಗ್ಗುಲು ಮಾತ್ರ ಅದರ ಹೊಟ್ಟೆಗೆ ತಾಗಿರುತ್ತದೆ, ಇನ್ನೊಂದು ಕುಕ್ಕೆಯ ಹುಲ್ಲಿಗೆ. ಹೇಟೆ ಆಗಾಗ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ, ದಿನಕ್ಕೊಮ್ಮೆ ಮೇವಿಗೆಂದು ಎದ್ದೂ ಹೋಗುತ್ತದೆ. ಈ 21 ದಿನದ ಕೆಲಸವನ್ನು ಒಂದು ಥರ್ಮಾಕೋಲ್ ಪೆಟ್ಟಿಗೆಯಿಂದ ಮಾಡಿಸಬಹುದು. ಶಾಖ ಹುಟ್ಟಿಸುವುದು ಸುಲಭ. ಅದನ್ನು ಸರಿಯಾದ ಜಾಗದಲ್ಲಿ ಅಳೆಯುವುದು ಮತ್ತು ಮೊಟ್ಟೆಯನ್ನು ಹದವಾಗಿ ಒಣಗಿಸುವುದು ಕಷ್ಟ.

ಪೆಟ್ಟಿಗೆಗಿಂತ ಮೊದಲು ಮೊಟ್ಟೆ. ಅಂಗಡಿಯ ಫಾರಂ ಮೊಟ್ಟೆ ಎಷ್ಟು ಕಾವು ಕೊಟ್ಟರೂ ಮರಿಯಾಗದು. ಆ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. ಹುಂಜದ ಜೊತೆ ಓಡಾಡಿಕೊಂಡಿರುವ ನಾಟಿ ಕೋಳಿಯದೋ ಗಿರಿರಾಜನದೋ ಆಗಬೇಕು, ಇಟ್ಟು ವಾರ ಮೀರಿರಬಾರದು. ಗಲೀಜಾಗಿದೆಯೆಂದು ತೊಳೆಯಬೇಡಿ. ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಅವುಗಳನ್ನು ಮುಚ್ಚಿರುವ ತೆಳು ಪೊರೆ ತೊಳೆದುಹೋದರೆ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ.

ಮೀನಿನ ಅಂಗಡಿಯಲ್ಲಿ ಸಿಗುವ, 45 ಸೆಂ.ಮೀ. ಉದ್ದ, 35 ಸೆಂ.ಮೀ. ಅಗಲದ, ದಪ್ಪ ಗೋಡೆಯ ಥರ್ಮಾಕೋಲ್ ಡಬ್ಬಿ 20–25 ಮೊಟ್ಟೆಗೆ ಸಾಕು. ಒಂದು ಬದಿಗೆ 40 ವ್ಯಾಟಿನ ಎರಡು ತಂತಿ ಬಲ್ಬುಗಳನ್ನು ಪಿಂಗಾಣಿ ಹೋಲ್ಡರಿನಲ್ಲಿ ಕೂರಿಸಿ. ಎಲ್‌ಇಡಿ ಬೆಳಕು ಕೊಡುತ್ತದೆ, ಸಾಕಷ್ಟು ಬಿಸಿ ಕೊಡದು. ಎರಡೇಕೆಂದರೆ, ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನವರೆಗೆ ಹಿಡಿದಿಟ್ಟೀತು. ಬಲ್ಬಿಗೂ ಥರ್ಮಾಕೋಲಿಗೂ ನಡುವೆ 10 ಸೆಂ.ಮೀ. ಅಂತರವಿರಲಿ, ಇಲ್ಲದಿದ್ದರೆ ಗೋಡೆ ಕರಗುತ್ತದೆ. ಬಲ್ಬಿಗೂ ಮೊಟ್ಟೆಗೂ ನಡುವೆ ತಗಡಿನದೊಂದು ಮರೆ ನಿಲ್ಲಿಸಿ. ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನನ್ನು ಗಾಳಿ ನೇರ ಮೊಟ್ಟೆಗೆ ಹೊಡೆಯದಂತೆ ಮುಚ್ಚಳದ ಕಡೆಗೆ ತಿರುಗಿಸಿಡಿ. ಕೆಳಗೆ ನಾಲ್ಕು, ಮೇಲೆ ನಾಲ್ಕು, ಒಂದೊಂದು ಸೆಂ.ಮೀ.ನ ತೂತು ಕೊರೆಯಿರಿ. ಚಿಪ್ಪಿನೊಳಗಿನ ಮರಿಗೂ ಗಾಳಿ ಬೇಕು. ತೇವಕ್ಕೆಂದು ಒಳಗಿಡುವ ನೀರಿನ ತಟ್ಟೆಯ ಹತ್ತಿರ 230 ವೋಲ್ಟಿನ ಬೆತ್ತಲೆ ಜಾಯಿಂಟ್ ಒಂದೂ ಇರಬಾರದು. ವೈರಿಂಗ್ ಬಾರದವರು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸುವುದೇ ಲೇಸು.

ಬಲ್ಬನ್ನು ಹಾಕಿ ಆರಿಸಲು ಡಬ್ಲ್ಯು1209 ಎಂಬ ಅಗ್ಗದ ಥರ್ಮೋಸ್ಟ್ಯಾಟ್ ಬೋರ್ಡು ಸಾಕು. ಹೆಚ್ಚಿನವರು ಎಡವುವುದು ಇಲ್ಲೇ. ಈ ಬೋರ್ಡಿನ ಪಿ1 ಎಂಬ ಸೆಟ್ಟಿಂಗ್ ಕಾರ್ಖಾನೆಯಿಂದ ಬರುವಾಗ 2 ಡಿಗ್ರಿಗೆ ನಿಂತಿರುತ್ತದೆ. ಅಂದರೆ 37.6ಕ್ಕೆ ಆರಿದ ಬಲ್ಬು 35.6ಕ್ಕೆ ಇಳಿದ ಮೇಲಷ್ಟೇ ಮತ್ತೆ ಹತ್ತುತ್ತದೆ. ಅದನ್ನು 0.2ಕ್ಕೆ ಇಳಿಸಿ. ಫ್ಯಾನನ್ನು ಬಲ್ಬಿನ ಜೊತೆ ಕಟ್ಟಬೇಡಿ. ಬಲ್ಬು ಆರಿದಾಗಲೂ ಅದು ತಿರುಗುತ್ತಲೇ ಇರಬೇಕು. ಸೆನ್ಸರ್ ಇರಬೇಕಾದದ್ದು ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ, ಬಲ್ಬಿನ ನೇರ ಝಳ ತಾಗದ ಕಡೆ. ಮುಚ್ಚಳಕ್ಕೆ ಅಂಟಿಸಿದರೆ ಮುಚ್ಚಳದ ಬಿಸಿಯನ್ನು ಹೇಳುತ್ತದೆ, ಮೊಟ್ಟೆಯದನ್ನಲ್ಲ. ಅದರ ಮಾತನ್ನೂ ಸುಮ್ಮನೆ ನಂಬಬೇಡಿ: ಲೋಟದ ಉಗುರುಬೆಚ್ಚಗಿನ ನೀರಿಗೆ ಸೆನ್ಸರನ್ನೂ ಜ್ವರದ ಥರ್ಮಾಮೀಟರನ್ನೂ ಒಟ್ಟಿಗೆ ಅದ್ದಿ, ವ್ಯತ್ಯಾಸವನ್ನು ಬೋರ್ಡಿನ ಪಿ4 ಸೆಟ್ಟಿಂಗಿನಲ್ಲಿ ಸರಿಮಾಡಿ. ನಮಗೆ ಬೇಕಾದ ಶಾಖದ ಆಸುಪಾಸಿನಲ್ಲೇ ಅತ್ಯಂತ ನಿಖರವಾದ ಉಪಕರಣ ಮನೆಯ ಔಷಧಿ ಡಬ್ಬಿಯಲ್ಲೇ ಇದೆ. ಮೊಟ್ಟೆ ಇಡುವ ಮೊದಲು ಪೆಟ್ಟಿಗೆಯನ್ನು ಒಂದಿಡೀ ದಿನ ಖಾಲಿ ಓಡಿಸಿ ನೋಡಿ.

ಇನ್ನು ತೇವ. ಮೊದಲ 18 ದಿನ ಆರ್ದ್ರತೆ ಶೇ. 50ರ ಸುತ್ತ, ಕೊನೆಯ ಮೂರು ದಿನ ಶೇ. 65–70 ಇರಬೇಕು. ಇದನ್ನು ಓದಿ ಎಲ್ಲರೂ ಒಂದೇ ಅಳತೆಯ ತಟ್ಟೆ ಇಟ್ಟರೆ ಕೆಟ್ಟಂತೆ. ಮಂಗಳೂರಿನ ಮಳೆಗಾಲದಲ್ಲಿ 26 ಡಿಗ್ರಿ, ಶೇ. 90 ತೇವದ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ಅದರ ಆರ್ದ್ರತೆ ತಾನಾಗಿಯೇ ಶೇ. 47ರಷ್ಟಾಗುತ್ತದೆ, ತಟ್ಟೆಯ ಅಗತ್ಯವೇ ಇಲ್ಲ. ರಾಯಚೂರಿನ ಬೇಸಿಗೆಯ 35 ಡಿಗ್ರಿ, ಶೇ. 20ರ ಗಾಳಿ ಶೇ. 17ಕ್ಕೆ ಕುಸಿಯುತ್ತದೆ. ಅಲ್ಲಿ ಅಗಲವಾದ ತಟ್ಟೆಯೇ ಬೇಕು. ಆಳ ಲೆಕ್ಕಕ್ಕಿಲ್ಲ, ಆವಿಯಾಗುವುದು ನೀರಿನ ಮೇಲ್ಮೈ. ಕೋಣೆಯೇ 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಈ ಪೆಟ್ಟಿಗೆಯನ್ನು ಮುಟ್ಟಲೇಬೇಡಿ. ಇದಕ್ಕೆ ಕಾಯಿಸಲು ಗೊತ್ತು, ತಣಿಸಲು ಗೊತ್ತಿಲ್ಲ.

ಅಗ್ಗದ ತೇವಮಾಪಕಕ್ಕಿಂತ ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ವಾಸಿ. 18 ದಿನದಲ್ಲಿ ಮೊಟ್ಟೆಯ ತೂಕದ ಶೇ. 13ರಷ್ಟು ನೀರಾವಿಯಾಗಿ ಹೋಗಬೇಕು. ಆಗಲೇ ಮೊಂಡು ತುದಿಯ ಗಾಳಿಗೂಡು ದೊಡ್ಡದಾಗುವುದು, ಮರಿ ತನ್ನ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. 10 ನಾಟಿ ಮೊಟ್ಟೆ ಸೇರಿ 400 ಗ್ರಾಂ ಇದ್ದರೆ 7ನೇ ದಿನ 380, 18ನೇ ದಿನ 348 ಗ್ರಾಂ ಆಗಿರಬೇಕು. 7ನೇ ದಿನ 388 ತೂಗಿದರೆ ತೇವ ಹೆಚ್ಚು, ತಟ್ಟೆ ಚಿಕ್ಕದು ಮಾಡಿ. 370ಕ್ಕೆ ಇಳಿದಿದ್ದರೆ ದೊಡ್ಡದು ಮಾಡಿ.

ಪೆನ್ಸಿಲಿನಿಂದ ಒಂದು ಮಗ್ಗುಲಿಗೆ ಗುಣಾಕಾರ, ಇನ್ನೊಂದಕ್ಕೆ ಸೊನ್ನೆ ಬರೆದು ದಿನಕ್ಕೆ ಮೂರೋ ಐದೋ ಸಲ ಹೊರಳಿಸಿ. ಬೆಸವಾದರೆ ದೀರ್ಘ ರಾತ್ರಿ ಒಂದೇ ಮಗ್ಗುಲಿಗೆ ಬೀಳದು. ಹೊರಳಿಸದಿದ್ದರೆ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. 7ನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚಿಗೆ ಹಿಡಿದರೆ ಜೇಡನ ಕಾಲಿನಂತೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ. ಏನೂ ಕಾಣದ್ದನ್ನು ತೆಗೆದುಬಿಡಿ. ತೂಕದ ಲೆಕ್ಕಕ್ಕೆ ಉಳಿದವನ್ನು ಅವುಗಳದೇ ಮೊದಲ ತೂಕದೊಂದಿಗೆ ಹೋಲಿಸಬೇಕು, ಅದಕ್ಕೇ ಆರಂಭದಲ್ಲಿ ಒಂದೊಂದರ ಮೇಲೂ ತೂಕ ಬರೆದಿಡಿ.

ಕರೆಂಟ್ ಹೋದರೆ ಗಾಬರಿ ಬೇಡ. ತೂತು ಅರ್ಧ ಮುಚ್ಚಿ, ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟು, ಮೇಲೆ ಕಂಬಳಿ ಹೊದಿಸಿ. ಒಂದೆರಡು ಗಂಟೆಯ ತಂಪನ್ನು ಭ್ರೂಣ ತಡೆದುಕೊಳ್ಳುತ್ತದೆ, 40 ದಾಟಿದ ಬಿಸಿಯನ್ನು ಅಷ್ಟು ತಡೆಯದು. ಎರಡನೇ ವಾರದ ನಂತರ ಭ್ರೂಣಗಳೇ ಶಾಖ ಹೊರಹಾಕುತ್ತವೆ, ಹಾಗಾಗಿ ತುಂಬಿದ ಪೆಟ್ಟಿಗೆಯ ಶಾಖವನ್ನು ಆಗ ಇನ್ನೂ ಹೆಚ್ಚು ಗಮನಿಸಬೇಕು.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ತೇವ ಏರಿಸಿ, ಮೇಲಿನ ತೂತುಗಳನ್ನು ಪೂರ್ತಿ ತೆರೆಯಿರಿ. 20ರ ಸುಮಾರಿಗೆ ಚಿಪ್ಪು ಬಿರಿಯುತ್ತದೆ. ಆಗ ಮುಚ್ಚಳ ತೆರೆದು ತೆರೆದು ನೋಡುವ ಚಟವೇ ಮರಿಗೆ ಶತ್ರು: ತೇವ ಹಾರಿಹೋಗಿ ಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ. ಹೊರಬಂದ ಮರಿ ಪುಕ್ಕ ಒಣಗುವವರೆಗೆ ಅಲ್ಲೇ ಇರಲಿ. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಲೋಳೆಯೇ ಎರಡು ದಿನಕ್ಕೆ ಊಟ.

23ನೇ ದಿನವೂ ಒಡೆಯದ ಮೊಟ್ಟೆಗಳನ್ನು ಎಸೆಯುವ ಮೊದಲು ಒಡೆದು ನೋಡಿ. ಒಳಗೆ ರಕ್ತದ ಬಳೆಯಿದ್ದರೆ ಮೊದಲ ವಾರದಲ್ಲೇ ಸತ್ತಿದೆ, ಹಳೆಯ ಮೊಟ್ಟೆಯೋ ಶಾಖದ ಏರುಪೇರೋ ಕಾರಣ. ಪೂರ್ತಿ ಬೆಳೆದು ಊದಿ ಒದ್ದೆಯಾಗಿದ್ದರೆ ತೇವ ಹೆಚ್ಚಾಗಿದೆ. ಇಟ್ಟ ಜಾಗವನ್ನೂ ಪೆನ್ಸಿಲಿನಲ್ಲಿ ಗುರುತಿಸಿದ್ದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ: ಸತ್ತವೆಲ್ಲ ಒಂದೇ ಮೂಲೆಯವಾದರೆ, ಮುಂದಿನ ಸಲ ಥರ್ಮಾಮೀಟರನ್ನು ಮೊದಲು ಆ ಮೂಲೆಗೆ ಇಡಿ.